ಸಾವಕಾಶ ಅಂದ್ರ ಏನು ಮಾಡೋದು, ಅಕ್ಕಾರ?

ಈ ತಿಂಗಳು ಬಂದ ಕಾಗದದಾಗ ನಾಕು ಒಂದ ವಿಷಯಕ್ಕ ಬಂದಾವ. ಕೈಕೆಲಸ, ಸಾವಕಾಶ ಬದುಕೋದು, ಅದರಿಂದ ಏನರ ಸಿಗತೈತೇನು ಅಂತ. ಮಳಿ ಹಿಡದು ಕುಂತೈತಿ, ಧಾರವಾಡದಾಗ ಹೊರಗ ಕಾಲ ಇಡಾಕ ಆಗವಲ್ದು, ಅದಕ್ಕ ಎಲ್ಲಾರಿಗೂ ಇದ ವಿಚಾರ ಬಂದಿರಬೇಕು. ಅಡಗಿ ಪ್ರಶ್ನೆ, ಅತ್ತಿ-ಸೊಸಿ ಪ್ರಶ್ನೆ ಮುಂದಿನ ಸಂಚಿಕಿಗೆ ಇಟ್ಟೀನಿ, ಸಿಟ್ಟಾಗಬ್ಯಾಡ್ರಿ.

ಅಕ್ಕಾರ, ನನಗ 31 ವಯಸ್ಸು. ಬೆಂಗಳೂರಾಗ ಏಳು ವರ್ಷ ಸಾಫ್ಟ್‌ವೇರ್ ಕಂಪನ್ಯಾಗ ದುಡಿದು ಈಗ ವರ್ಕ್ ಫ್ರಮ್ ಹೋಮ್ ಅಂತ ಹುಬ್ಬಳ್ಳಿಗೆ ಅಪ್ಪನ ಮನಿಗೆ ಬಂದೀನಿ. ರೀಲ್ಸ್‌ನ್ಯಾಗ ಸ್ಲೋ ಲಿವಿಂಗ್ ನೋಡಿ ನೋಡಿ ನಾನೂ ಶುರು ಮಾಡಿದೆ. ಕ್ರೋಶಾ ಸೂಜಿ, ಎಂಬ್ರಾಯ್ಡರಿ ಹೂಪು, ಮಣ್ಣಿನ ಕಿಟ್, ಮ್ಯಾಕ್ರಮೆ ದಾರ, ಎಲ್ಲಾ ಆನ್‌ಲೈನ್ ತರಿಸಿದೆ. ಒಂದೂ ಮುಗದಿಲ್ಲ. ಕಪಾಟ ತೆಗದಾಗೊಮ್ಮೆ ನಮ್ಮವ್ವ ನನ್ನ ಮಾರಿ ನೋಡ್ತಾಳ. ಕೈಯಿಂದ ಮಾಡಿದ್ರ ಸಮಾಧಾನ ಅಂತಾರ, ನನಗ ಮತ್ತಷ್ಟು ಟೆನ್ಶನ್ ಆಗೇತಿ. ನನ್ನೊಳಗ ಏನರ ಕಮ್ಮಿ ಐತೇನು? ನೌಕರಿ ಬಿಟ್ಟು ಪೂರ್ತಿ ಇದನ್ನ ಮಾಡಿದ್ರ ಸರಿ ಹೋದೀತಾ?
— ಓದುಗಾರ್ತಿ, ವಿದ್ಯಾನಗರ, ಹುಬ್ಬಳ್ಳಿ

ಏನೂ ಕಮ್ಮಿ ಇಲ್ಲ ತಂಗಿ. ನಿನ್ನ ಕಪಾಟಿನ್ಯಾಗ ಸಾಮಾನು ಜಾಸ್ತಿ ಆಗೈತಿ ಅಷ್ಟ. ಆರ್ಡರ್ ಮಾಡೋದು ಎರಡ ನಿಮಿಷದ ಕೆಲಸ, ಡಬ್ಬಿ ಬಿಚ್ಚೋದು ಭಾರೀ ಖುಷಿ, ಆಮ್ಯಾಲ ಒಳಗಿನ ಸೂಜಿ ಹಿಡಿಯೋ ಹೊತ್ತಿಗೆ ಆ ಖುಷಿ ಖರ್ಚಾಗಿ ಹೋಗಿರತೈತಿ. ನನ್ನ ಕಪಾಟಿನ ಕೆಳಗಿನ ಖಾನ್ಯಾಗೂ ಇಂಥಾವು ನಾಕೈದು ಅದಾವ, ಬಣ್ಣದ ಡಬ್ಬಿ ಅಂತೂ ಒಣಗಿ ಕಲ್ಲಾಗೇತಿ, ಹಂಗಾಗಿ ನಾ ಬೈಯಾಕ ಬಂದಿಲ್ಲ.

ನಾ ಕಸೂತಿ ಕಲತದ್ದು ಹೇಳ್ತೀನಿ. ನನಗ ಆಗ ಹತ್ತೊಂಬತ್ತು, ಮಾಳಮಡ್ಡ್ಯಾಗ ಇದ್ವಿ, ಪಕ್ಕದ ಮನ್ಯಾಗ ಒಬ್ಬ ಅಜ್ಜಿ. ಅವ್ರ ಮೊಮ್ಮಗಳ ಕುಬಸ ಆಗಿತ್ತು, ಹುಟ್ಟೋ ಕೂಸಿಗೆ ಕುಂಚಿಗಿ, ಅಂದ್ರ ತಲಿ-ಬೆನ್ನು ಮುಚ್ಚೋ ಟೊಪ್ಪಿಗಿ, ಮಾಡಾಕತ್ತಿದ್ರು, ಕಣ್ಣು ಹಿಡಿಯವಲ್ದು ಅಂತ ನನ್ನ ಕರದ್ರು. ಮೊದ್ಲು ಕುಂಚಿಗಿ ಮುಟ್ಟಾಕ ಕೊಡಲಿಲ್ಲ. ಅಂಗೈ ಅಗಲ ಮ್ಯಾಟಿ ಬಟ್ಟಿ, ಎಳಿ ಎಣಿಸಾಕ ಬರೋವಂಥಾದ್ದು, ಕೊಟ್ಟು, ಆಂಕರ್ ದಾರದ ಲಡಿಯೊಳಗಿನ ಆರು ಎಳಿಯೊಳಗ ಎರಡು ಬಿಡಿಸ್ಕೋ ಅಂದ್ರು, ಗೋಪುರದ ಚಿತ್ತಾರ ಹಾಕು ಅಂದ್ರು. ಪೆನ್ಸಿಲ್‌ಲೇ ಗೆರಿ ಹೊಡ್ಕೋಲೇನು ಅಂದೆ. ನಕ್ಕುಬಿಟ್ರು. ಕಸೂತಿಗೆ ಟ್ರೇಸಿಂಗ್ ಇಲ್ಲ, ಬಟ್ಟಿ ಎಳಿ ಎಣಿಸಿ ಹಾಕೋದು. ಗಂಟೂ ಇಲ್ಲ, ಯಾಕಂದ್ರ ಹಿಂದಿನ ಮಗ್ಗಲೂ ಮುಂದಿನ ಹಂಗ ಕಾಣಬೇಕು.

ಗವಂತಿ ಅನ್ನೋ ಹೊಲಿಗಿ ಹೆಂಗ ಅಂದ್ರ, ಹೋಗೋವಾಗ ಒಂದು ಬಿಟ್ಟು ಒಂದು ಮನಿ, ಅಂದ್ರ ಎಳಿ ಎಣಿಸಿದ ಜಾಗ, ತುಂಬ್ಕೋತ ಹೋಗಬೇಕು, ತಿರುಗಿ ಬರೋವಾಗ ಅದ ದಾರಿ ಹಿಡದು ಖಾಲಿ ಬಿಟ್ಟ ಮನಿ ತುಂಬ್ಕೋತ ಬರಬೇಕು. ಹೋಗೋವಾಗ ನಾಕು ಎಳಿ ಎಣಿಸೋ ಜಾಗದಾಗ ಐದು ಎಣಿಸಿದ್ರ ಆಗ ಏನೂ ಗೊತ್ತಾಗಂಗಿಲ್ಲ, ಎಲ್ಲಾ ಭಾಳ ಚಂದ ಕಾಣತೈತಿ, ವಾಪಸ್ ಬರೋವಾಗ ಸೂಜಿ ಸೇರಬೇಕಾದ ಕಡೆ ಸೇರಂಗಿಲ್ಲ, ಆಗ ಆ ತಪ್ಪು ಎಲ್ಲೈತೋ ಅಲ್ಲೀ ತನಕ ಬಿಚ್ಚಬೇಕು. ಮುರಗಿ ಅಂದ್ರ ಅದ ಗವಂತಿ, ಮೆಟ್ಟಲ ಹತ್ತಿದಂಗ ಅಂಕುಡೊಂಕು ಹೋಗತೈತಿ. ನೇಯ್ಗಿ ಹೆಸರಿನ ಹಂಗ ನೇಯ್ದಂಗ. ಮೆಂತ್ಯೆ ಅಂದ್ರ ಅಡ್ಡಗುಣಿಸು, ಮೆಂತೆಕಾಳು ಚೆಲ್ಲಿದಂಗ ಕಾಣತೈತಿ. ಈ ನಾಕರ ಒಳಗ ಆನಿ, ಅಂಬಾರಿ, ತೇರು, ತುಳಸಿ ಕಟ್ಟಿ, ಗಿಳಿ, ನವಿಲು ಎಲ್ಲಾ ಬಂದುಬಿಡತಾವ.

ನಾ ಹಾಕಿದ ಗೋಪುರ ಒಯ್ದು ಕೊಟ್ರ ಅಜ್ಜಿ ಮೊದ್ಲು ಉಲ್ಟಾ ಮಾಡಿ ನೋಡೋರು. ಮುಂದ ನೋಡತಿದ್ದಿಲ್ಲ. ಏನೂ ಮಾತಾಡದ ಕತ್ತರಿ ತುದಿಲೇ ಟುಕ್ ಅಂತ ದಾರ ಕಡದು ವಾಪಸ್ ಕೊಡೋರು. ಬೆರಳುದ್ದ ಗೋಪುರಕ್ಕ ಮೂರು ವಾರ ಆತು ತಂಗಿ. ಆ ಮೂರು ವಾರದಾಗ ಸಮಾಧಾನ ಅನ್ನೋದು ಒಂದಿನಾನೂ ಬರಲಿಲ್ಲ, ಬರೇ ಸಿಟ್ಟು. ಒಂದಿನ ಅತ್ತಬಿಟ್ಟೆ. ಅಜ್ಜಿ ಚಾ ಮಾಡಿ ಕೊಟ್ಟು, ಕೂಸು ಹುಟ್ಟಾಕ ಇನ್ನ ಎರಡ ತಿಂಗಳು ಐತಿ, ಲಗೂನ ಎಣಿಸಾಕ ಕಲಿ ಅಂದ್ರು.

ನೋಡು, ಲಗೂನ ಅಂದ್ರು. ಸಾವಕಾಶ ಮಾಡು, ಎಂಜಾಯ್ ಮಾಡು ಅಂತ ಅವ್ರು ಒಂದ ಸಲನೂ ಅನ್ನಲಿಲ್ಲ. ಎಣಿಸಾಕ ಹಿಡಿಯೋವಷ್ಟು ಹೊತ್ತು ಹಿಡೀತಿತ್ತು, ಆ ಹೊತ್ತು ಕೆಲಸದ್ದು, ನನ್ನದಲ್ಲ. ಎಣಿಸೋವಾಗ ಬ್ಯಾರೆ ಏನೂ ವಿಚಾರ ಮಾಡಾಕ ಬರಂಗಿಲ್ಲ, ಮಾಡಿದ್ರ ಲೆಕ್ಕ ತಪ್ಪತೈತಿ, ಅದಕ್ಕ ಕೆಲವರು ಧ್ಯಾನ ಅಂತ ಹೆಸರಿಟ್ಟಾರ. ಇರಲಿ. ನನಗ ಏನರ ಸಿಕ್ಕಿದ್ರ ಆ ಕೂಸು ಕುಂಚಿಗಿ ಹಾಕ್ಕೊಂಡು, ಗೋಪುರದ ಮ್ಯಾಲ ಹಾಲು ಕಕ್ಕಿದ ದಿನ ಸಿಕ್ತು. ಅಜ್ಜಿ ಬಾಯಾಗಿಂದ ಶಬ್ಬಾಸ್ ಬರಲಿಲ್ಲ, ಎರಡನೇ ಕುಂಚಿಗಿ ಬಟ್ಟಿ ಕೊಟ್ರು.

ಈಗ ನಿನ್ನ ಕೆಲಸ. ಕ್ರೋಶಾ, ಮಣ್ಣು, ಮ್ಯಾಕ್ರಮೆ ಮೂರೂ ಒಂದು ಚೀಲದಾಗ ಕಟ್ಟು, ಓಣ್ಯಾಗಿನ ಹುಡುಗ್ರಿಗೆ ಕೊಟ್ಟುಬಿಡು, ಅವ್ರು ಒಂದು ಸಂಜ್ಯಾಗ ಮಣ್ಣಿನ ಗಣಪ್ಪನ್ನ ಮಾಡಿ ಮುಗಸ್ತಾರ. ಹೂಪು ಇಟ್ಕೋ. ಯಾರಿಗೆ ಮಾಡ್ತಿ ಅನ್ನೋದು ಮೊದ್ಲು ಗಟ್ಟಿ ಮಾಡು, ನಿಮ್ಮವ್ವ ಅಷ್ಟೊಂದು ನೋಡಾಕತ್ತಾರಲ್ಲ ಅವ್ರಿಗೆ ಒಂದು ಚಶ್ಮಾದ ಚೀಲ ಮಾಡು, ದಿನಾ ಕೈಯಾಗ ಹಿಡೀತಾರ. ಕಲಿಸೋರು ಯೂಟ್ಯೂಬಿನ್ಯಾಗ ಅದಾರ, ಬ್ಯಾಡ ಅನ್ನಂಗಿಲ್ಲ, ಆದ್ರ ಯೂಟ್ಯೂಬ್ ನಿನ್ನ ಬಟ್ಟಿ ಉಲ್ಟಾ ಮಾಡಿ ನೋಡಂಗಿಲ್ಲ. ಬರೋಬ್ಬರಿ ಕಲಿಸೋರು ಧಾರವಾಡದಾಗ ಇನ್ನೂ ಅದಾರ, ಚಿಗರಿ ಬಸ್ ಹತ್ತಿದ್ರ ಬಂದ ಬಿಟ್ಟಿ. ಕೊಡೋ ತನಕ ಫೋಟೋ ಹಾಕಬ್ಯಾಡ. ಹಾಕಿದ್ರ ಏನೂ ಅನಾಹುತ ಆಗಂಗಿಲ್ಲ, ಅರ್ಧಕ್ಕ ಲೈಕ್ ಬಂದುಬಿಟ್ರ ಉಳದ ಅರ್ಧ ಹಾಕಾಕ ಕೈ ಏಳಂಗಿಲ್ಲ, ಅನುಭವದ ಮಾತು.

ಒಂದಿನ ಪುರಸೊತ್ತು ಮಾಡ್ಕೊಂಡು ಬೆಂಗೇರಿಗೂ ಹೋಗಿ ಬಾ, ನಿನಗೇನು ದೂರ ಇಲ್ಲ. 1957ರ ನವೆಂಬರ್ 1ಕ್ಕ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲೈತಿ, ಖಾದಿ ರಾಷ್ಟ್ರಧ್ವಜ ಅಲ್ಲಿ ಹೊಲೀತಾರ. ಅಂಗೈಯಷ್ಟು, 6 ಇಂಚು 4 ಇಂಚಿಂದ ಹಿಡದು 21 ಅಡಿ 14 ಅಡಿ ತನಕ ಒಂಬತ್ತು ಸೈಜು, ಕೆಲಸದಾಗ ಹೆಚ್ಚಾಗಿ ಹೆಣ್ಣಮಕ್ಕಳ. 24 ಗೆರಿಯ ಚಕ್ರ ಬಟ್ಟಿಯ ಎರಡೂ ಮಗ್ಗಲಿಗೆ ಒಂದರ ಮ್ಯಾಲೊಂದು ಸರಿಯಾಗಿ ಕೂಡಬೇಕು, ಇಲ್ಲಾಂದ್ರ ಅದು ಧ್ವಜ ಅಲ್ಲ, ಬರೇ ಬಟ್ಟಿ. ಅಲ್ಲಿ ಕುಂತೋರನ್ನ ಸ್ಲೋ ಲಿವಿಂಗ್ ಮಾಡಾಕತ್ತೀರೇನ್ರಿ ಅಂತ ಕೇಳಬ್ಯಾಡ ಮತ್ತ.

ನೌಕರಿ ಬಿಡೋ ಮಾತು ಕೇಳಿದ್ಯಲ್ಲ. ಕೆಳಗಿನ ಕಾಗದ ಓದು.

ಅಕ್ಕಾರ್ಗೆ ನಮಸ್ಕಾರ. ಹಿಂದೊಮ್ಮೆ ಈ ಅಂಕಣದಾಗ "ಕೈಕೆಲಸ ಅಂದ್ರ ಮನಸ್ಸಿಗೆ ಔಷಧ" ಅಂತ ಬರದಿದ್ರಿ. ನಮ್ಮವ್ವ ಇಪ್ಪತ್ತು ವರ್ಷ ಕೂಲಿ ಮ್ಯಾಲ ಕಸೂತಿ ಹಾಕ್ಯಾಳ. ಅಂಗಡಿಯವ್ರು ಸೀರಿ ಕೊಡೋರು, ತಿಂಗಳಗಟ್ಲೆ ಕುಂತು ಹಾಕಿದ್ರ ಕೈಗೆ ಬರೋದು ನಾಕು ದಿನದ ಗಳೇದ ಕೂಲಿಯಷ್ಟು. ಅದ ಸೀರಿ ಪೇಟ್ಯಾಗ ಎಷ್ಟಕ್ಕ ಮಾರ್ಯಾರ ಅಂತ ಆಕಿಗೆ ಗೊತ್ತಾದ್ರ ಎದಿ ಒಡದೀತು. ಆಕಿಗೆ ಔಷಧ ಸಿಗಲಿಲ್ಲ, ಚಶ್ಮಾ ಸಿಕ್ತು. ಸಿಟ್ಯಾಗಿನ ಮಂದಿ ಹವ್ಯಾಸಕ್ಕ ಮಾಡಿದ್ರ ಕಲೆ, ನಾವು ಹೊಟ್ಟಿಗೆ ಮಾಡಿದ್ರ ಕೂಲಿ. ಇದಕ್ಕೇನಂತೀರಿ?
— ಓದುಗಾರ್ತಿ, ಕಲಘಟಗಿ ತಾಲೂಕು

ಏನೂ ಅನ್ನಂಗಿಲ್ಲವ್ವಾ, ನಿಂದು ಖರೇ. ಔಷಧ ಅಂತ ಬರದಿದ್ದು ನಾನ, ಆವತ್ತು ಚಲೋ ಊಟ ಮಾಡಿ ಫ್ಯಾನಿನ ಕೆಳಗ ಕುಂತು ಬರದಿರಬೇಕು. ವಾಪಸ್ ತೊಗೊಂಡೀನಿ.

ಕರೀ ಚಂದ್ರಕಾಳಿ ಸೀರಿ ಮ್ಯಾಲ ಎಳಿ ಎಣಿಸೋದು ಹೆಂಗಿರತೈತಿ ಅಂತ ನನಗ ಗೊತ್ತೈತಿ, ಹಗಲಿನ್ಯಾಗ ಕಣ್ಣು ಉರಿ ಬರತಾವ, ರಾತ್ರಿ ಬಲ್ಬಿನ ಬೆಳಕಿನ್ಯಾಗ ಅಂತೂ ಕೇಳಬ್ಯಾಡ. ನಾ ಕುಂಚಿಗಿ ಬ್ಯಾಸರಾದ್ರ ಮಡಚಿ ಇಡಬಹುದಿತ್ತು, ನಿಮ್ಮವ್ವಗ ಹಂಗ ಇಡಾಕ ಬರತಿದ್ದಿಲ್ಲ. ಸಾವಕಾಶ ಅನ್ನೋದು ಪುರಸೊತ್ತಿದ್ದೋರ ಮನ್ಯಾಗ ಸುಖ, ಪೀಸಿನ ಲೆಕ್ಕದ ಮನ್ಯಾಗ ಅದ ಸಾವಕಾಶ ನಷ್ಟ. ಧಾರವಾಡದ ಕಸೂತಿಗೆ ಜಿಐ ಟ್ಯಾಗ್ ಐತಿ, ನವಲಗುಂದ ಜಮಖಾನಕ್ಕೂ ಐತಿ. ಟ್ಯಾಗ್ ಅಂದ್ರ ಹೆಸರು ಬ್ಯಾರೆ ಊರವ್ರು ಕದಿಯೋ ಹಂಗಿಲ್ಲ ಅಂತ. ಹಾಕಿದೋರ ಕೂಲಿ ಏರಬೇಕು ಅಂತ ಅದರಾಗ ಎಲ್ಲೂ ಬರದಿಲ್ಲ. ಧ್ವಜದ ವಿಷಯಾನೂ ಹಂಗ ಆತು. 2021ರ ಡಿಸೆಂಬರ್‌ನ್ಯಾಗ ಧ್ವಜ ಸಂಹಿತೆ ತಿದ್ದಿ ಪಾಲಿಸ್ಟರ್ ಬಟ್ಟಿ, ಮಷಿನ್ ಬಟ್ಟಿಗೂ ದಾರಿ ಬಿಟ್ರು, ಕೈಲೇ ನೂತು ಕೈಲೇ ನೇಯ್ದಿದ್ದು ಈಗ ಅದರ ರೇಟಿನ ಮುಂದ ನಿಂದರಬೇಕು, ಹೆಂಗ ನಿಂದರತೈತಿ ಹೇಳು.

ಕೊಳ್ಳೋರಿಗೆ ಒಂದು ಮಾತು ಹೇಳ್ತೀನಿ, ಇದು ನಿನಗಲ್ಲ. ಕಸೂತಿ ಸೀರಿ ತೊಗೊಳ್ಳೋವಾಗ ಸೆರಗು ಉಲ್ಟಾ ಮಾಡ್ರಿ. ಮಷಿನ್ ಎಂಬ್ರಾಯ್ಡರಿ ಇದ್ರ ಹಿಂದ ಬ್ಯಾರೆ ದಾರದ ಜಾಳಿಗಿ, ಅಂಟಿಸಿದ ಕಾಗದದಂಥ ಬಟ್ಟಿ ಕಾಣತೈತಿ, ಕೈಲೇ ಹಾಕಿದ ಗವಂತಿ ಎರಡೂ ಮಗ್ಗಲಿಗೆ ಒಂದ ನಮೂನಿ ಇರತೈತಿ. ಕೈಯಿಂದು ಅಂತ ಖಾತ್ರಿ ಆತಂದ್ರ ಚೌಕಾಶಿ ಮಾಡಬ್ಯಾಡ್ರಿ, ಹಾಕಿದೋರು ಯಾರು, ಅವ್ರಿಗೆ ಎಷ್ಟು ಕೊಟ್ರಿ ಅಂತ ಅಂಗಡ್ಯಾಗ ಜೋರಾಗಿ ಕೇಳ್ರಿ. ಉತ್ತರ ಸಿಗಂಗಿಲ್ಲ ಬಿಡ್ರಿ, ಆದ್ರೂ ಕೇಳ್ರಿ, ಹತ್ತು ಮಂದಿ ಕೇಳಿದ್ರ ಹನ್ನೊಂದನೇಯವ್ರಿಗೆ ಒಂದು ಚೀಟಿನರ ಅಂಟಿಸ್ತಾರ.

ನಿಮ್ಮವ್ವಗ ಒಂದು ಕೇಳಬೇಕು ಅನಸ್ತು, ಇಪ್ಪತ್ತು ವರ್ಷದಾಗ ತನ್ನ ಸೀರಿಗೆ ಅಂತ ಒಂದು ಗಿಳಿನರ ಹಾಕ್ಕೊಂಡಾರೇನು ಅಂತ. ನಾ ಕೇಳಿದ್ರ ಅಧಿಕಪ್ರಸಂಗ ಆದೀತು. ನೀ ಬೇಕಾದ್ರ ಕೇಳು, ಬ್ಯಾಡಾದ್ರ ಬಿಡು.

ಅಕ್ಕಾರ, ನಾ ಹೋದ ವರ್ಷ ರಿಟೈರ್ ಆಗೀನಿ, ಕ್ಲಾರ್ಕ್ ಇದ್ದೆ. ನಮ್ಮಪ್ಪ ಪುಂಡಿನಾರಿನ ಹಗ್ಗ ಹೊಸೀತಿದ್ರು. ನಾನೂ ಹಿತ್ತಲದಾಗ ಕುಂತು ಹೊಸ್ಯಾಕ ಶುರು ಮಾಡೀನಿ. ಮಗ ನಗತಾನ, ನೈಲಾನ್ ಹಗ್ಗ ಅಂಗಡ್ಯಾಗ ಕಿಲೋ ಲೆಕ್ಕ ಸಿಗತೈತಿ, ನಿಮಗ್ಯಾಕ ಈ ಉಸಾಬರಿ ಅಂತಾನ. ಮನ್ಯಾಗ ಹಗ್ಗದ ರಾಶಿ ಬಿದ್ದೈತಿ. ಖರೇನ ಇದು ಹುಚ್ಚೇನ್ರಿ?
— ಓದುಗರು, ಹಾವೇರಿ

ಅಣ್ಣಾರ, ಹುಚ್ಚಲ್ಲ, ಆದ್ರ ರಾಶಿ ಬಿದ್ದೈತಿ ಅಂದ್ರಲ್ಲ, ಅಲ್ಲಿ ಮಗನ ಮಾತಿನ್ಯಾಗೂ ಸ್ವಲ್ಪ ಹುರುಳೈತಿ. ರಾಶಿ ಬೀಳಬಾರದು.

ಹಗ್ಗದ ಕೆಲಸ ಭಾಳ ಮಂದಿಗೆ ತಿಳಿದಿಲ್ಲ. ಪುಂಡಿ ಕಟಗಿ ಕೊಯ್ದು ನೀರಾಗ ಹದಿನೈದು ದಿನದ ಆಚೀಚಿ ಕೊಳಿಸಬೇಕು, ಊರೆಲ್ಲಾ ನಾತ ಬರತೈತಿ, ಆಮ್ಯಾಲ ಸಿಪ್ಪಿ ಸುಲದು ಬಡದು ತೊಳದು ಒಣಗಿಸಬೇಕು, ಅಷ್ಟಾದ ಮ್ಯಾಲ ಹೊಸೆಯೋದು. ಒಂದೊಂದು ಎಳಿಗೆ ಒಂದು ದಿಕ್ಕಿಗೆ ಹುರಿ ಕೊಟ್ಟು, ಆ ಎಳಿ ಕೂಡಿಸೋವಾಗ ಉಲ್ಟಾ ದಿಕ್ಕಿಗೆ ತಿರುವಿದ್ರ ಒಂದನ್ನೊಂದು ಹಿಡಕೊಂಡು ಬಿಚ್ಚಂಗಿಲ್ಲ. ಎರಡೂ ಒಂದ ದಿಕ್ಕಿಗೆ ತಿರುವಿದ್ರ ಕೈಬಿಟ್ಟ ಕೂಡ್ಲೆ ಸುರುಳಿ ಬಿಚ್ಚಿ ಹೋತು. ನಿಮ್ಮ ಕೈಗೆ ಇದು ಗೊತ್ತೈತಿ, ನಿಮ್ಮ ಮಗನ ಕೈಗೆ ಗೊತ್ತಿಲ್ಲ, ಇಷ್ಟ ಸಾಕು ನೀವು ಕುಂದರಾಕ.

ಹನ್ನೆರಡನೇ ಶತಮಾನದ ಶರಣ ನುಲಿಯ ಚಂದಯ್ಯನವ್ರ ಕತಿ ಕೇಳಿರಬೇಕು ನೀವು. ಹುಲ್ಲು ಕೊಯ್ದು ಹಗ್ಗ ಹೊಸದು ಮಾರಿ ಜಂಗಮರಿಗೆ ಉಣ್ಣಾಕ ಹಾಕೋರು. ಒಂದಿನ ಹುಲ್ಲು ಕೊಯ್ಯೋವಾಗ ಕೊರಳಾಗಿನ ಇಷ್ಟಲಿಂಗ ಜಾರಿ ನೀರಿಗೆ ಬಿತ್ತಂತ, ಅವ್ರು ತಿರುಗಿ ನೋಡದ ಹುಲ್ಲಿನ ಹೊರಿ ಹೊತ್ಕೊಂಡು ಹೊಂಟ್ರಂತ. ಈ ಕತಿ ಹೇಳಿ ಎಲ್ಲಾರೂ ಕಾಯಕ ದೊಡ್ಡದು ಅಂತ ಭಾಷಣ ಮಾಡ್ತಾರ. ನನಗ ಅದರಾಗ ಬ್ಯಾರೇನ ಕಾಣತೈತಿ: ಅವ್ರಿಗೆ ಹೊತ್ತಾಗಿತ್ತು, ಹಗ್ಗ ಆಗಬೇಕಿತ್ತು, ಮಾರಬೇಕಿತ್ತು, ಮನ್ಯಾಗ ಉಣ್ಣಾಕ ಬಂದೋರು ಕಾಯಾಕತ್ತಿದ್ರು.

ನಿಮ್ಮ ಹಗ್ಗಕ್ಕ ಯಾರು ಕಾಯಾಕತ್ತಾರ ಅಂತ ಹುಡುಕ್ರಿ. ಹಾವೇರಿ ಸೀಮ್ಯಾಗ ಹೋರಿ ಸಾಕೋರಿಗೆ ಬರ ಐತೇನ್ರಿ? ಹೋರಿಗೆ ಗೊಂಡೆ, ಬಲೂನು, ಕೊಬ್ಬರಿ ಹಾರ ಅಂತ ಸಾವಿರಗಟ್ಲೆ ಸುರೀತಾರ, ಮೂಗಿಗೆ ಮಾತ್ರ ನೈಲಾನ್ ಹಾಕ್ತಾರ, ಅದು ಕೊಯ್ದು ಗಾಯ ಆಗತೈತಿ. ಕಾರಹುಣ್ಣಿವಿ ಬರೋದ್ರೊಳಗ ಓಣ್ಯಾಗಿನ ಯಾರದರ ಜೋಡೆತ್ತಿಗೆ ಮೂಗುದಾರ ಅಳತಿ ತೊಗೊಂಡು ಮಾಡಿ ಕೊಡ್ರಿ. ಪುಗಸಟ್ಟೆ ಕೊಡಬ್ಯಾಡ್ರಿ, ಒಂದು ಚೀಲ ಜ್ವಾಳದ ಸೊಪ್ಪಿನರ ಇಸ್ಕೋರಿ. ಮಗಗ ನಾರು ಹಿಡಕೊಂಡು ಆ ತುದಿಗೆ ನಿಂದರಾಕ ಹೇಳ್ರಿ, ಒಬ್ಬರ ಹೊಸ್ಯಾಕ ತ್ರಾಸ. ನಿಂತಂವ ಎಷ್ಟೊತ್ತಂತ ನಕ್ಕಾನು.

ಅಕ್ಕಾ, ಅವ್ವ ತೀರ್ಕೊಂಡು ವರ್ಷ ಆತು. ಟ್ರಂಕಿನ್ಯಾಗ ಆಕಿ ಹದಿನೇಳು ಸೀರಿ ಅದಾವ. ಕೌದಿ ಮಾಡಬೇಕು ಅಂತ ಆಸೆ, ನನಗ ಗುಂಡಿ ಹಚ್ಚೋದು ಬಿಟ್ರ ಹೊಲಿಯಾಕ ಬರಂಗಿಲ್ಲ. ಹೊಲಿಯೋರಿಗೆ ಕೊಡಲೋ, ನಾನ ಮಾಡಲೋ? ನಮ್ಮ ವೈನಿ ಬ್ಯಾರೆ ಅದರಾಗಿನ ರೇಷ್ಮಿ ಸೀರಿ ಮ್ಯಾಲ ಕಣ್ಣಿಟ್ಟಾಳ, ಕೌದಿಗೆ ಹಾಕಿ ಹಾಳ ಮಾಡ್ತೀಯೇನು ಅಂತಾಳ.
— ಓದುಗಾರ್ತಿ, ಬೆಟಗೇರಿ, ಗದಗ

ನೀನ ಮಾಡು. ಗುಂಡಿ ಹಚ್ಚಾಕ ಬಂದ್ರ ಕೌದಿ ಹೊಲಿಯಾಕ ಬಂದಂಗ, ಅದು ಬರೇ ಸಾದಾ ದಾರದ ಹೊಲಿಗಿ, ಸೂಜಿ ಮ್ಯಾಲ ಕೆಳಗ, ಮ್ಯಾಲ ಕೆಳಗ. ಡೊಂಕಾದ್ರೂ ನಡೀತೈತಿ, ಕಸೂತಿ ಅಜ್ಜಿ ಇಲ್ಲಿ ಬರಂಗಿಲ್ಲ.

ಹತ್ತಿ ಸೀರಿ ಮೊದ್ಲು ಬ್ಯಾರೆ ತಗಿ. ಒಗದು ಬಿಸಲಿಗೆ ಹಾಕು, ಹೊಸಾ ಹಂಗ ಗಡಸಿದ್ದಾವು ಬ್ಯಾಡ, ಉಟ್ಟು ಉಟ್ಟು ಮೆತ್ತಗಾಗಿದ್ದಾವ ಬೇಕು, ಸೂಜಿ ಸರಾಗ ಹೋಗತೈತಿ. ಗಟ್ಟಿ ಇದ್ದದ್ದು ಕೆಳಗ ಮತ್ತ ಮ್ಯಾಲ, ಹರದಿದ್ದು ನಡುವ. ಮೂರ್ನಾಕು ಪದರಕ್ಕಿಂತ ಜಾಸ್ತಿ ಮಾಡಬ್ಯಾಡ, ಮೊದಲನೇ ಕೌದಿ ಇದು, ಕೈ ಬಾತು ಹೋಗ್ತಾವ. ಸಣ್ಣದು ಮಾಡು, ಕೂಸಿನ ಅಳತಿದು. ನೆಲದ ಮ್ಯಾಲ ಹಾಸಿ, ಸುಕ್ಕು ತಗದು, ಮೂಲ್ಯಾಗ ಕಲ್ಲು ಹೇರಿ, ಅಂಚಿನಗುಂಟ ಶುರು ಮಾಡಿ ಸುತ್ತ ಹೊಲಕೋತ ಒಳಗ ಒಳಗ ಬಾ, ಸಾಲಿಗೂ ಸಾಲಿಗೂ ಒಂದು ಬೆರಳು ಅಂತರ ಇರಲಿ. ನಡುವಿಂದ ಹೊರಗ ಹೋದ್ರೂ ಆಗತೈತಿ ಅಂತಾರ, ನನಗ ಯಾವಾಗ್ಲೂ ಅಂಚು ಸೊಟ್ಟ ಆಗೇತಿ. ದಬ್ಬಣ ಬ್ಯಾಡ, ತೂತು ದೊಡ್ಡದಾಗತೈತಿ, ದಪ್ಪ ಸೂಜಿ ಸಾಕು. ಹತ್ತಿ ದಾರಕ್ಕ ಮೇಣ ಸವರ್ಕೋ. ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಜನಾಂಗದ ಹೆಣ್ಣಮಕ್ಕಳು ಕೌದಿ ಮಾಡಿದ್ರ ನಾಕೂ ಮೂಲಿಗೆ ಬಣ್ಣದ ತುಂಡು ಮುಕ್ಕೋಣ ಮಡಚಿ ಹಚ್ಚತಾರ, ಫೂಲ್ ಅಂತಾರ ಅದಕ್ಕ, ಅದಿಲ್ದಿದ್ರ ಕೌದಿ ಬತ್ತಲ ಇದ್ದಂಗ ಅಂತ. ನಿಮ್ಮವ್ವನ ಕುಪ್ಪಸದ ತುಂಡು ಇದ್ರ ನೀನೂ ಹಚ್ಚು, ಚಂದ ಕಾಣತೈತಿ.

ಮದ್ಯಾನ್ಹ ಕುಂದರು, ಓಣ್ಯಾಗಿನ ನಾಕು ಮಂದಿ ತಾವಾಗೇ ಬರತಾರ, ಒಂದೊಂದು ಅಂಚು ಹಿಡೀತಾರ, ನಿಮ್ಮವ್ವನ ಸುದ್ದಿ ತಗೀತಾರ, ನಿನಗ ಗೊತ್ತಿಲ್ದ ಸುದ್ದಿನೂ ಬರತಾವ, ಎಲ್ಲಾ ಚಲೋ ಸುದ್ದಿ ಇರತಾವ ಅಂತ ನಾ ಹೇಳಂಗಿಲ್ಲ. ಚಾ ಪುಡಿ, ಸಕ್ರಿ ಜಾಸ್ತಿ ತರಿಸಿಡು.

ಮತ್ತ ಆ ರೇಷ್ಮಿ ಸೀರಿ ಕೌದಿಗೆ ಹಾಕಲೇಬ್ಯಾಡ, ಜಾರತೈತಿ, ಹೊಲಿಗಿ ನಿಂದರಂಗಿಲ್ಲ. ವೈನಿಗೆ ಕೊಟ್ಟುಬಿಡು.